ಆಸರಿಗೆ ಎಂತ ಕೊಡ್ಲಿ?

ಹೊನ್ನಾವರ, ಕುಮಟಾ ಕಡೆಯ ಹವ್ಯಕರ ಮನೆಗೆ ಏಪ್ರಿಲ್ ತಿಂಗಳ ಮಧ್ಯಾಹ್ನ ಹೋಗಿ ಜಗಲಿಯಲ್ಲಿ ಕೂತರೆ, ಊರು ಯಾವುದು ಅಂತ ಕೇಳುವ ಮೊದಲೇ ಬರುವ ಪ್ರಶ್ನೆ ಇದು: ‘ಆಸರಿಗೆ ಎಂತ ಕೊಡ್ಲಿ?’ ಆಸರು ಎಂದರೆ ಬಾಯಾರಿಕೆ. ಬಿಸಿಲಲ್ಲಿ ಬಂದ ದಣಿವೂ ಆ ಮಾತಿನೊಳಗೇ ಇದೆ. ಹಿಂದೆಲ್ಲ ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ಬರುತ್ತಿತ್ತು. ಈಗ ಮಜ್ಜಿಗೆ, ಎಳ್ಳುನೀರು, ಮುರುಗಲು ಪಾನಕ ಅಥವಾ ಲಿಂಬೆ ಹಿಂಡಿ ಜೇನು ಬೆರೆಸಿದ ನೀರು ಬರುತ್ತದೆ.

ಬೇಸಿಗೆ ರಜೆಯಲ್ಲಿ ಮಕ್ಕಳು, ಅಜ್ಜ-ಅಜ್ಜಿಯರ ಸಮೇತ ಭಟ್ಕಳ, ಹೊನ್ನಾವರ, ಕುಮಟಾ ನೋಡಲು ಹೊರಡುವವರು ಜಾಗಗಳ ಪಟ್ಟಿ ಮಾಡುವ ಮೊದಲು ಈ ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳಬೇಕು. ಇಲ್ಲಿನ ಬೇಸಿಗೆಯಲ್ಲಿ ಬಿಸಿಲಿಗಿಂತ ಬೆವರಿನ ಕಾಟ ಹೆಚ್ಚು. ಹನ್ನೊಂದು ಗಂಟೆಗೆ ಅಂಗಿ ಮೈಗೆ ಅಂಟುತ್ತದೆ, ಹನ್ನೆರಡಕ್ಕೆ ಮಕ್ಕಳು ಅಳುತ್ತಾರೆ. ಹಾಗಾಗಿ ನಮ್ಮ ಮನೆಯ ಲೆಕ್ಕ ಸರಳ: ಬೆಳಿಗ್ಗೆ ಆರರಿಂದ ಹತ್ತೂವರೆವರೆಗೆ ತಿರುಗಾಟ, ಮಧ್ಯಾಹ್ನ ಅಡುಗೆಮನೆ ಮತ್ತು ನಿದ್ದೆ, ನಾಲ್ಕರ ನಂತರ ಮತ್ತೆ ಹೊರಗೆ.

ಯಾವಾಗ, ಹೇಗೆ, ಎಲ್ಲಿ ಉಳಿಯುವುದು

ಮಾರ್ಚ್ ಕೊನೆಯಿಂದ ಮೇ ಮಧ್ಯದವರೆಗೆ ಬನ್ನಿ. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ, ಕಡಲು ಕೆರಳುತ್ತದೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೂ ನಿಷೇಧವಿರುತ್ತದೆ.

ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ಗಾಡಿ. ಮೂರೂ ಊರುಗಳಲ್ಲಿ ನಿಲ್ಲುತ್ತದೆ. ರಜೆಯ ಟಿಕೆಟ್ ಬೇಗ ಖಾಲಿಯಾಗುತ್ತದೆ, ಬುಕಿಂಗ್ ತೆರೆದ ದಿನವೇ ಮಾಡಿಸಿಡಿ. ರೈಲು ಹೊನ್ನಾವರದ ಬಳಿ ಶರಾವತಿಯನ್ನು ದಾಟುವಾಗ ಮಕ್ಕಳನ್ನು ಎಬ್ಬಿಸಿ. ಎರಡು ಕಿಲೋಮೀಟರಿಗೂ ಮಿಕ್ಕಿದ ಆ ಸೇತುವೆ ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು.

ಮೂರು ಊರಿನಲ್ಲಿ ಮೂರು ರೂಮು ಮಾಡಬೇಡಿ. ಹೊನ್ನಾವರ ನಡುವೆ ಇದೆ. ಉತ್ತರಕ್ಕೆ ಕುಮಟಾ ಸುಮಾರು 20 ಕಿ.ಮೀ., ದಕ್ಷಿಣಕ್ಕೆ ಭಟ್ಕಳ ಸುಮಾರು 40 ಕಿ.ಮೀ., ಎಲ್ಲವೂ ರಾಷ್ಟ್ರೀಯ ಹೆದ್ದಾರಿ 66ರ ಮೇಲೆಯೇ. ಅಡುಗೆಮನೆ ಬಳಸಲು ಬಿಡುವ ಒಂದು ಹೋಂಸ್ಟೇ ಹಿಡಿದು ಅಲ್ಲಿಂದಲೇ ಓಡಾಡಿ. ಫೋನ್ ಮಾಡಿದಾಗ ಎ.ಸಿ. ಇದೆಯಾ ಅನ್ನುವುದರ ಜೊತೆಗೆ ಬಾವಿ ನೀರು ಹೇಗಿದೆ, ಗ್ಯಾಸ್ ಒಲೆ ಕೊಡುತ್ತೀರಾ, ಮೀನು ಮಾಡಬಹುದಾ ಅಂತಲೂ ಕೇಳಿ. ಕೆಲವು ಮನೆಗಳಲ್ಲಿ ಮೀನು ಒಳಗೆ ಬರುವಂತಿಲ್ಲ. ಬಂದ ಮೇಲೆ ಮುಜುಗರ ಬೇಡ.

ಮೊದಲು ಸಾಮಾನು: ಜೇನು ಮತ್ತು ಹುಳಿ

ಇಲ್ಲಿನವರು ಜೇನನ್ನು ಬರೀ ಜೇನು ಅನ್ನುವುದಿಲ್ಲ, ಯಾವ ಜೇನು ಅಂತ ಕೇಳುತ್ತಾರೆ. ಅಡಿಕೆ ತೋಟದ ಪೆಟ್ಟಿಗೆಯಲ್ಲಿ ಸಾಕುವುದು ತುಡುವೆ. ಎತ್ತರದ ಮರ, ಬಂಡೆಗಳಲ್ಲಿ ದೊಡ್ಡ ತಟ್ಟಿ ಕಟ್ಟುವುದು ಹೆಜ್ಜೇನು. ಪೊದೆಯ ಕಡ್ಡಿಗೆ ಸಣ್ಣ ತಟ್ಟಿ ಕಟ್ಟುವುದು ಕೋಲುಜೇನು. ಗೋಡೆಯ ಬಿರುಕಲ್ಲಿ, ಮರದ ಪೊಟರೆಯಲ್ಲಿ ಇರುವ, ಕುಟುಕದ ಪುಟ್ಟ ಹುಳ ಮಿಸ್ರಿ ಜೇನು. ಅದರ ತುಪ್ಪ ಸಿಗುವುದು ಸ್ವಲ್ಪವೇ, ಚೂರು ಹುಳಿ, ಮನೆಮದ್ದಿಗೆಂದೇ ಎತ್ತಿಡುತ್ತಾರೆ.

ಅಡುಗೆಗೆ ತುಡುವೆ ಜೇನು ಸಾಕು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳು ಬಹುಪಾಲು ಬರಿದಾಗಿದ್ದವು. ಈಗಿರುವ ಪೆಟ್ಟಿಗೆಗಳ ಹಿಂದೆ ಮತ್ತೆ ಮೊದಲಿನಿಂದ ಹುಳ ಹಿಡಿದು ಸಾಕಿದವರ ಶ್ರಮವಿದೆ. ಜೇನು ಕೃಷಿಕರಿಂದ ನೇರವಾಗಿ ಅಥವಾ ಸಹಕಾರಿ ಸಂಘಗಳ ಮಳಿಗೆಯಲ್ಲಿ ಕೊಳ್ಳಿ. ನೀರಿಗೆ ಹನಿ ಬಿಡುವುದು, ಬೆಂಕಿಕಡ್ಡಿ ಗೀರುವುದು ಇಂಥ ಪರೀಕ್ಷೆಗಳನ್ನು ನಂಬಬೇಡಿ. ತುಡುವೆ ಜೇನು ಸಹಜವಾಗಿಯೇ ತುಸು ತೆಳ್ಳಗಿರುತ್ತದೆ. ತಳದಲ್ಲಿ ಹರಳುಗಟ್ಟಿದರೆ ಸಕ್ಕರೆ ಬೆರೆಸಿದ್ದಾರೆ ಎಂದರ್ಥವಲ್ಲ.

ಒಂದು ಎಚ್ಚರಿಕೆ ನನ್ನದೇ ಪೆದ್ದುತನದಿಂದ ಬಂದದ್ದು. ಒಮ್ಮೆ ಜೇನಿನ ಬಾಟಲಿಯನ್ನು ಕಂಠದವರೆಗೆ ತುಂಬಿಸಿ ಕಾರಿನ ಡಿಕ್ಕಿಯಲ್ಲಿಟ್ಟು ಎರಡು ದಿನ ಬಿಸಿಲಲ್ಲಿ ಸುತ್ತಿದೆ. ತೆಳ್ಳಗಿನ ಜೇನು ಸೆಕೆಗೆ ಹುಳಿ ಬಂದು, ನೊರೆಯೆದ್ದು, ಮುಚ್ಚಳ ಎತ್ತಿ, ಹೆಂಡತಿಯ ರೇಷ್ಮೆ ಸೀರೆಯ ಚೀಲದೊಳಗೆ ಇಳಿದಿತ್ತು. ಎರಡು ಬೆರಳು ಜಾಗ ಬಿಟ್ಟು ತುಂಬಿಸಿ, ನೆಟ್ಟಗೆ ನಿಲ್ಲಿಸಿ, ಕೋಣೆಯಲ್ಲೇ ಬಿಡಿ. ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಲೇಬೇಡಿ. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣು ಎಳೆಯ ಕರುಳಿಗೆ ಅಪಾಯ. ಸಕ್ಕರೆ ಕಾಯಿಲೆಯವರಿಗೆ ಜೇನೂ ಸಕ್ಕರೆಯೇ.

ಜೇನಿನ ಹಾಗೆ ಹುಳಿಯಲ್ಲೂ ಹಲವು ಬಗೆ. ಪೇಟೆಯ ಲಿಂಬೆಯ ಜೊತೆಗೆ ಗಜಲಿಂಬೆ, ಕಂಚಿ, ದಪ್ಪ ಸಿಪ್ಪೆಯ ದೊಡ್ಲಿಕಾಯಿ ಹಿತ್ತಲಲ್ಲಿ ಸಿಗುತ್ತವೆ. ಇವನ್ನು ಅಂಗಡಿಯಲ್ಲಿ ಹುಡುಕುವ ಬದಲು ಉಳಿದುಕೊಂಡ ಮನೆಯವರನ್ನು ಕೇಳಿ.

ಮೊದಲ ದಿನ: ಮುರ್ಡೇಶ್ವರ, ಭಟ್ಕಳ

ಮುರ್ಡೇಶ್ವರ ಇರುವುದು ಭಟ್ಕಳ ತಾಲ್ಲೂಕಿನಲ್ಲಿ, ಹೊನ್ನಾವರದಿಂದ ಸುಮಾರು 27 ಕಿ.ಮೀ. ಏಳು ಗಂಟೆಗೆ ಅಲ್ಲಿರಿ. 123 ಅಡಿಯ ಶಿವನನ್ನು ನೋಡಲು ಮೆಟ್ಟಿಲು ಹತ್ತುವುದು ಬರಿಗಾಲಲ್ಲಿ. ಹತ್ತು ಗಂಟೆಯ ನಂತರ ಕಲ್ಲು ಕಾದ ಕಾವಲಿ. ಇಪ್ಪತ್ತು ಅಂತಸ್ತಿನ ರಾಜಗೋಪುರದ ಮೇಲಕ್ಕೆ ಲಿಫ್ಟ್ ಇದೆ, ಸಾಲು ಬೆಳೆಯುವ ಮೊದಲೇ ಟಿಕೆಟ್ ತಗೊಳ್ಳಿ. ಮೇಲಿನಿಂದ ಗುಡ್ಡ, ದೇವಸ್ಥಾನ, ಎರಡು ಬದಿಯ ಕಡಲು ಒಂದೇ ನೋಟಕ್ಕೆ ಸಿಗುತ್ತವೆ. ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಮಾಡುವ ಹರೆಯದವರು ಮುಂಚಿತವಾಗಿ ಬುಕ್ ಮಾಡಿರಬೇಕು, ಅದಕ್ಕೇ ಅರ್ಧ ದಿನ ಮೀಸಲು.

ನೀರಿಗಿಳಿಯುವ ವಿಷಯದಲ್ಲಿ ರಾಜಿ ಬೇಡ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಲೈಫ್‌ಗಾರ್ಡ್ ಶಿಳ್ಳೆ ಊದಿದರೆ ವಾದ ಮಾಡದೆ ಹೊರಗೆ ಬನ್ನಿ.

ಅಲ್ಲಿಂದ ಭಟ್ಕಳ ಸುಮಾರು 15 ಕಿ.ಮೀ. ಊರಲ್ಲಿ ಎರಡು ಕಲ್ಲುಕಟ್ಟಡಗಳಿಗೆ ಒಂದು ಗಂಟೆ ಕೊಡಿ: ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಮತ್ತು 16ನೇ ಶತಮಾನದ ಖೇತಪೈ ನಾರಾಯಣ ದೇವಸ್ಥಾನ. ತಲೆಯೆತ್ತಿ ಮಾಡು ನೋಡಿ. ಮನೆಯ ಹಂಚಿನ ಮಾಡಿನ ಹಾಗೆ ಕಲ್ಲುಚಪ್ಪಡಿಗಳನ್ನೇ ಇಳಿಜಾರಾಗಿ ಹಾಸಿದ್ದಾರೆ. ಈ ಕರಾವಳಿಯ ಮಳೆ ಗೊತ್ತಿದ್ದವರ ಕೆಲಸ. ಮಾಂಸ ತಿನ್ನುವವರಿಗೆ ಮಧ್ಯಾಹ್ನ ಇಲ್ಲಿನ ನವಾಯತ ಮುಸ್ಲಿಮರ ಬಿರಿಯಾನಿ. ಈರುಳ್ಳಿ ದಂಡಿಯಾಗಿ ಬಿದ್ದ ಮಸಾಲೆ, ಮೇಲೆ ಒಂದು ಹೋಳು ಲಿಂಬೆ. ಅಕ್ಕಿಯ ಬದಲು ಶಾವಿಗೆ ಹಾಕಿದ ಬಿರಿಯಾನಿಯೂ ಇಲ್ಲಿನ ವಿಶೇಷ. ಹೊರಡುವಾಗ ಭಟ್ಕಳ ಮಲ್ಲಿಗೆ ಮರೆಯಬೇಡಿ, ಒದ್ದೆ ಬಾಳೆಲೆಯಲ್ಲಿ ಕಟ್ಟಿಸಿಕೊಂಡರೆ ರಾತ್ರಿಯವರೆಗೂ ಬಾಡುವುದಿಲ್ಲ.

ಮರಳಿ ಬಂದವರಿಗೆ ಲಿಂಬೆ ಜೇನಿನ ಪಾನಕ. ಐದು ಲೋಟ ಮಡಕೆ ನೀರಿಗೆ ಮೂರು ಲಿಂಬೆ, ಐದಾರು ಚಮಚ ಜೇನು, ಅರ್ಧ ಇಂಚು ಜಜ್ಜಿದ ಶುಂಠಿ, ಎರಡು ಏಲಕ್ಕಿ, ಚಿಟಿಕೆ ಉಪ್ಪು. ತಣ್ಣೀರಿಗೆ ಜೇನು ಸುರಿದರೆ ತಳ ಹಿಡಿದು ಕೂರುತ್ತದೆ, ಮೊದಲು ಲಿಂಬೆ ರಸದಲ್ಲಿ ಜೇನು ಕಲಸಿ ಆಮೇಲೆ ನೀರು ಸೇರಿಸಿ. ನಾವು ಉಳಿದ ಮನೆಯಲ್ಲಿ ಮಗಳು ಲಿಂಬೆಯನ್ನು ಸಿಪ್ಪೆ ಮುದ್ದೆಯಾಗುವವರೆಗೆ ಹಿಂಡುತ್ತಿದ್ದಳು. ಒಲೆಯ ಮುಂದಿದ್ದ ಆ ಮನೆಯ ಅಮ್ಮ ತಿರುಗಿ ನೋಡದೆಯೇ ಹೇಳಿದರು: ‘ಜಾಸ್ತಿ ಹಿಂಡಡ ಕೂಸೇ, ಕಹಿ ಆಗ್ತು.’ ಕೈಯ ಸದ್ದಿನಲ್ಲೇ ಗೊತ್ತಾಗಿತ್ತು ಅವರಿಗೆ. ಬೀಜ ತೆಗೆದು, ಒಂದೇ ಸಲ ಹಿಂಡಿ, ಸಿಪ್ಪೆ ಬಿಟ್ಟುಬಿಡಬೇಕು.

ಎರಡನೆಯ ದಿನ: ಹೊನ್ನಾವರ

ಬೆಳಿಗ್ಗೆ ಇಡಗುಂಜಿ, ಪೇಟೆಯಿಂದ ಸುಮಾರು 14 ಕಿ.ಮೀ. ಗಣಪತಿ ಇಲ್ಲಿ ನಿಂತಿದ್ದಾನೆ, ಎರಡೇ ಕೈ. ಪ್ರಸಾದದ ಪಂಚಕಜ್ಜಾಯ ಮಕ್ಕಳಿಗೆ ಮೊದಲ ತಿಂಡಿಯಾಗುತ್ತದೆ. ಬರುವಾಗ ಅಪ್ಸರಕೊಂಡ: ಬೇಸಿಗೆಯಲ್ಲಿ ಜಲಪಾತ ಸಣ್ಣ ಎಳೆಯಷ್ಟೇ, ಆದರೆ ಮರದ ನೆರಳು ಮತ್ತು ಗುಡ್ಡದ ಮೇಲಿನ ಕಡಲ ನೋಟಕ್ಕೆ ಹೋಗಬಹುದು.

ಮಧ್ಯಾಹ್ನದ ಊಟಕ್ಕೆ ಕಂಚಿಕಾಯಿ ಗೊಜ್ಜು. ಮೆಣಸು, ಉದ್ದಿನಬೇಳೆ, ಕೊತ್ತಂಬರಿ, ಎಳ್ಳು ಹುರಿದು ಕಾಯಿತುರಿಯೊಡನೆ ರುಬ್ಬಿ, ಉಪ್ಪು, ಅರಿಸಿನ ಹಾಕಿ ಒಂದು ಕುದಿ ಬರಿಸಿ. ಒಲೆಯಿಂದ ಇಳಿಸಿ, ಬೆರಳು ತಾಗಿಸುವಷ್ಟು ಆರಿದ ಮೇಲೆ ಕಂಚಿ ರಸ, ಎರಡು ಚಮಚ ಜೇನು. ಮನೆಗಳಲ್ಲಿ ಬೆಲ್ಲವೇ ರೂಢಿ. ಬೆಲ್ಲ ಕುದಿಯನ್ನು ತಾಳಿಕೊಳ್ಳುತ್ತದೆ, ಜೇನು ಕುದಿಸಿದರೆ ಅದರ ಪರಿಮಳವೇ ಹೋಗುತ್ತದೆ, ವ್ಯತ್ಯಾಸ ಅಷ್ಟೇ. ಮೀನಿನವರು ಬಂಗಡೆಗೆ ಲಿಂಬೆ, ಉಪ್ಪು, ಅರಿಸಿನ ಸವರಿ ಕಾಲು ಗಂಟೆ ಇಡಿ. ಅದಕ್ಕೆ ಜೇನು ಬೇಡ, ಕಾವಲಿಯಲ್ಲಿ ಸೀದು ಹೋಗುತ್ತದೆ.

ಸಂಜೆ ಶರಾವತಿ. ಕಾಸರಕೋಡಿನ ಇಕೋ ಬೀಚ್‌ಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ. ಶೌಚಾಲಯ, ಸ್ನಾನದ ವ್ಯವಸ್ಥೆ ಇರುವುದರಿಂದ ವಯಸ್ಸಾದವರಿಗೆ ಅನುಕೂಲ. ಹತ್ತಿರದಲ್ಲೇ ಕಾಂಡ್ಲಾ ಕಾಡಿನೊಳಗೆ ಮರದ ಹಲಗೆಯ ಕಾಲುದಾರಿ ಇದೆ. ನೀರು ಇಳಿದಾಗ ಬೇರುಗಳ ನಡುವೆ ಏಡಿಗಳ ಓಡಾಟ ಕಾಣುತ್ತದೆ. ದೋಣಿ ಹತ್ತುವ ಮೊದಲು ಎಷ್ಟು ಹೊತ್ತು, ಎಷ್ಟು ದುಡ್ಡು ಮಾತಾಡಿಕೊಳ್ಳಿ, ಲೈಫ್ ಜಾಕೆಟ್ ಇಲ್ಲದಿದ್ದರೆ ಹತ್ತಬೇಡಿ. ರಾತ್ರಿ ಹತ್ತಿರ ಎಲ್ಲಾದರೂ ಯಕ್ಷಗಾನ ಇದೆಯಾ ಕೇಳಿ. ಕೆರೆಮನೆ ಶಿವರಾಮ ಹೆಗಡೆ 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ನೆಲ ಇದು.

ಮೂರನೆಯ ದಿನ: ಕುಮಟಾ

‘ಸೊಕ್ಕಿದ್ದರೆ ಯಾಣ, ರೊಕ್ಕವಿದ್ದರೆ ಗೋಕರ್ಣ’ ಅನ್ನುತ್ತಿದ್ದ ಕಾಲ ಹೋಯಿತು. ಕುಮಟಾದಿಂದ ಶಿರಸಿ ರಸ್ತೆ ಹಿಡಿದು ಕತಗಾಲ ಮಾರ್ಗವಾಗಿ ಯಾಣದ ಹತ್ತಿರದವರೆಗೂ ಕಾರು ಹೋಗುತ್ತದೆ, ಸುಮಾರು 30 ಕಿ.ಮೀ. ಕೊನೆಯಲ್ಲಿ ಕಾಡಿನ ನಡಿಗೆ ಮತ್ತು ಮೆಟ್ಟಿಲು. ಮಂಡಿನೋವಿನವರು ಕೋಲು ಹಿಡಿಯಿರಿ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ, ಸುಣ್ಣಕಲ್ಲಿನ ಈ ಕರಿ ಬಂಡೆಗಳ ಎದುರು ನಿಂತಾಗ ಮೇಲೆ ನೋಡಿ: ಬಂಡೆಯ ಚಾಚಿನಡಿ ಕಪ್ಪಗೆ ಜೋತುಬಿದ್ದಿರುವುದು ಹೆಜ್ಜೇನು ತಟ್ಟಿ. ಕೂಗಾಡಬೇಡಿ, ಕಲ್ಲೆಸೆಯಬೇಡಿ, ಹೊಗೆ ಎಬ್ಬಿಸಬೇಡಿ, ಅತ್ತರು ಹಾಕಿಕೊಂಡು ಹೋಗಬೇಡಿ. ಹುಳ ಎದ್ದರೆ ಮುಖ ಮುಚ್ಚಿಕೊಂಡು ದೂರ ಓಡುವುದೊಂದೇ ದಾರಿ.

ಇಳಿದು ಬಂದಾಗ ಹೆದ್ದಾರಿಯ ಬದಿಯಲ್ಲಿ ಗೊಂಚಲು ಗೊಂಚಲಾಗಿ ನೇತುಬಿದ್ದ ಕುಮಟಾ ಈರುಳ್ಳಿ ಕಾಣುತ್ತದೆ. ಅಳ್ವೆಕೋಡಿ, ಹಂದಿಗೋಣ, ವನ್ನಳ್ಳಿ ಸುತ್ತಿನ ಬೇಸಿಗೆ ಬೆಳೆ, ಹಸಿಯಾಗಿ ತಿನ್ನುವಷ್ಟು ಸಿಹಿ. ತೆಳ್ಳಗೆ ಹೆಚ್ಚಿ ಲಿಂಬೆ ರಸ, ಅರ್ಧ ಚಮಚ ಜೇನು, ಹಸಿಮೆಣಸು, ಕಾಯಿತುರಿ ಸೇರಿಸಿ. ಉಪ್ಪು ಬಡಿಸುವಾಗ ಮಾತ್ರ ಹಾಕಿ, ಇಲ್ಲದಿದ್ದರೆ ನೀರು ಬಿಡುತ್ತದೆ. ಇದರ ಜೊತೆ ಕುಚ್ಚಲಕ್ಕಿ ಗಂಜಿ ಇದ್ದರೆ ಬೇರೆ ಪಲ್ಯ ಬೇಡ. ಸಿಹಿಗೆ ಬಾಳೆಹಣ್ಣಿನ ರಸಾಯನ: ಹೆಚ್ಚಿದ ಹಣ್ಣಿಗೆ ನಾಲ್ಕು ಹನಿ ಲಿಂಬೆ ಹಾಕಿದರೆ ಕಪ್ಪಾಗುವುದಿಲ್ಲ. ಮೇಲೆ ಕಾಯಿಹಾಲು, ಜೇನು, ಹುರಿದ ಎಳ್ಳು, ಏಲಕ್ಕಿ. ಕರಬೂಜದ ಜಾತಿಯ ಇಬ್ಬಡ್ಲ ಹಣ್ಣು ಸಿಕ್ಕಿದರೆ ಬಾಳೆಯನ್ನು ಬಿಟ್ಟು ಅದನ್ನೇ ಬಳಸಿ.

ನಾಲ್ಕೂವರೆಗೆ ಮಿರ್ಜಾನ್ ಕೋಟೆ, ಕುಮಟಾದಿಂದ ಸುಮಾರು 11 ಕಿ.ಮೀ. ಒಳಗೆ ನೆರಳು ಕಡಿಮೆ, ಅದಕ್ಕೇ ಸಂಜೆ. ಜಂಬಿಟ್ಟಿಗೆಯ ಈ ಕೋಟೆಯ ಜೊತೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಬೆಸೆದಿದೆ; ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆದಿದ್ದರು. ಬಾವಿಗಳ ಬಳಿ ಮಕ್ಕಳ ಕೈ ಬಿಡಬೇಡಿ.

ನಾಲ್ಕನೆಯ ದಿನ ಇದ್ದರೆ ಕುಮಟಾ ತಾಲ್ಲೂಕಿನದೇ ಆದ ಗೋಕರ್ಣ, ದಾರಿಯಲ್ಲಿ ಸಾಣಿಕಟ್ಟಾದ ಉಪ್ಪಿನ ಗದ್ದೆ. ಬೇಸಿಗೆಯೇ ಉಪ್ಪಿನ ಸುಗ್ಗಿ. ಕನ್ನಡಿಯಂತೆ ನಿಂತ ನೀರು, ಅಂಚಿನಲ್ಲಿ ಬಿಳಿ ರಾಶಿ. ಒಂದು ಕಿಲೋ ಹರಳುಪ್ಪು ತಗೊಳ್ಳಿ, ಪಾನಕದ ಚಿಟಿಕೆಗೂ ಉಪ್ಪಿನಕಾಯಿಗೂ ಬೇಕಾಗುತ್ತದೆ.

ಮರಳುವಾಗ

ಪಂಚಗಂಗಾ ಸಂಜೆ ಕಾರವಾರದಿಂದ ಹೊರಟು ಇದೇ ಊರುಗಳ ಮೇಲೆ ಹಾದು ಹೋಗುತ್ತದೆ. ಚೀಲದಲ್ಲಿ ಜೇನು, ಉಪ್ಪು, ಈರುಳ್ಳಿ ಗೊಂಚಲು ಸೇರಿದ ಮೇಲೂ ಅಡುಗೆಮನೆಯಲ್ಲಿ ನಾಲ್ಕು ಲಿಂಬೆ ಉಳಿದೇ ಉಳಿಯುತ್ತವೆ. ಮಧ್ಯಾಹ್ನದ ಅನ್ನ ಹರಡಿ ಆರಿಸಿ, ಶೇಂಗಾ, ಸಾಸಿವೆ ಒಗ್ಗರಣೆ ಹಾಕಿ, ಲಿಂಬೆ ಹಿಂಡಿ ಚಿತ್ರಾನ್ನ ಕಲಸಿ ಬಾಳೆಲೆಯಲ್ಲಿ ಕಟ್ಟಿಕೊಳ್ಳಿ. ಈರುಳ್ಳಿ ಮಾತ್ರ ಹಾಕಬೇಡಿ, ಸೆಕೆಗೆ ಬೇಗ ಕೆಡುತ್ತದೆ. ಒಂದು ಬಾಟಲಿ ಪಾನಕವೂ ಇರಲಿ. ಎದುರು ಸೀಟಿನವರು ಭಟ್ಕಳ ಸ್ಟೇಷನ್ನಿನಲ್ಲಿ ಗಾಡಿ ಹತ್ತಿ ಬೆವರು ಒರೆಸುತ್ತ ಕೂತಾಗ ಲೋಟ ಮುಂದೆ ಹಿಡಿದು ಏನು ಕೇಳಬೇಕೆಂದು ಅಷ್ಟರಲ್ಲಿ ನಿಮಗೂ ರೂಢಿಯಾಗಿರುತ್ತದೆ.