ಗುರಿ ಅಭ್ಯಾಸಕ್ಕೆ ಪಿಸ್ತೂಲು: ಅರ್ಜಿಯಲ್ಲಿ ಬರೆಯುವ ಕಾರಣವೇ ಮುಖ್ಯ

ಶೂಟಿಂಗ್ ಕ್ಲಬ್ಬಿನಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿದವರು ಪಿಸ್ತೂಲಿನ ಪರವಾನಗಿ ಸಿಗಲಿಲ್ಲವೆಂದು ನನ್ನ ಬಳಿ ಬರುತ್ತಾರೆ. ಕಡತ ಬಿಚ್ಚಿದರೆ ಹೆಚ್ಚಾಗಿ ಒಂದೇ ಕಥೆ. ಕಾರಣ ಬರೆಯುವ ಜಾಗದಲ್ಲಿ ‘ಆತ್ಮರಕ್ಷಣೆ’ ಎಂದಿರುತ್ತದೆ. ಯಾಕೆ ಎಂದು ಕೇಳಿದರೆ, ‘ಹಾಗೆ ಬರೆದರೇ ಕೆಲಸ ಆಗೋದು ಅಂತ ಏಜೆಂಟ್ ಹೇಳಿದ ಸಾರ್’ ಎನ್ನುತ್ತಾರೆ. ಠಾಣೆಯವರು ವಿಚಾರಿಸಿ ‘ಅರ್ಜಿದಾರರಿಗೆ ಜೀವಬೆದರಿಕೆ ಇಲ್ಲ’ ಎಂದು ವರದಿ ಕೊಡುತ್ತಾರೆ. ಅದು ನಿಜವೂ ಹೌದು. ಅರ್ಜಿ ಅಲ್ಲಿಗೇ ಮುಗಿಯಿತು. ದುಡ್ಡು ತೆಗೆದುಕೊಂಡ ಏಜೆಂಟ್ ಆಮೇಲೆ ಫೋನ್ ಎತ್ತುವುದಿಲ್ಲ.

ಈ ಸುಳ್ಳಿನ ಅಗತ್ಯವೇ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ನೋಡಿ. ಪರವಾನಗಿ ಪಡೆದ ಅಥವಾ ಕೇಂದ್ರ ಸರ್ಕಾರದ ಮಾನ್ಯತೆ ಇರುವ ರೈಫಲ್ ಕ್ಲಬ್ಬಿನ ಸದಸ್ಯರಿಗೆ ಗುರಿ ಅಭ್ಯಾಸಕ್ಕೆ ಪರವಾನಗಿ ಕೊಡತಕ್ಕದ್ದು ಎಂದು ಅದು ಹೇಳುತ್ತದೆ. ಮೊದಲು ಈ ಅನುಕೂಲ .22 ರೈಫಲ್ ಮತ್ತು ಏರ್ ರೈಫಲ್‌ಗಷ್ಟೇ ಇತ್ತು. 2019ರ ತಿದ್ದುಪಡಿ ಅದನ್ನು ಬಂದೂಕುಗಳಿಗೆಲ್ಲ ವಿಸ್ತರಿಸಿತು. ಹಾಗೆಂದು ಇಂದು ಕ್ಲಬ್ ಸೇರಿ ನಾಳೆ ಅರ್ಜಿ ಹಾಕಿದರೆ ಆಗದು. 2016ರ ನಿಯಮಗಳು ಕಳೆದ ಎರಡು ವರ್ಷಗಳ ಸಕ್ರಿಯ ಸದಸ್ಯತ್ವ ಕೇಳುತ್ತವೆ. ಚಂದಾ ಕಟ್ಟಿದ ರಸೀದಿಯೊಂದೇ ಸಾಲದು. ಹಾಜರಾತಿಯ ದಾಖಲೆ, ಸ್ಪರ್ಧೆಯ ಪ್ರಮಾಣಪತ್ರ, ಕ್ಲಬ್ಬಿನ ಪತ್ರ ಜೋಡಿಸಿ. ಕ್ಲಬ್ಬಿಗೇ ಪರವಾನಗಿ ಇದೆಯೇ ಎಂದು ಸೇರುವ ಮೊದಲೇ ಕೇಳಿ.

ನಿಮಗೆ ಬೇಕಿರುವುದು ಏರ್ ಪಿಸ್ತೂಲೇ ಆಗಿದ್ದರೆ ಇಷ್ಟು ಓಡಾಟವೇ ಬೇಡ. 4.5 ಮಿ.ಮೀ. (.177) ಬೋರ್ ಮತ್ತು 20 ಜೌಲ್ ಶಕ್ತಿ ಮೀರದ ಏರ್ ಪಿಸ್ತೂಲಿಗೆ ಪರವಾನಗಿ ಬೇಕಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲೇ.

ಪರವಾನಗಿ ಬೇಕೇ ಬೇಕು ಎನ್ನುವವರು ಹೀಗೆ ಮಾಡಿ.

1. ವಯಸ್ಸು 21 ತುಂಬಿರಬೇಕು. ಎ-1 ನಮೂನೆಯ ಅರ್ಜಿಯ ಜೊತೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ವೈದ್ಯಕೀಯ ಪ್ರಮಾಣಪತ್ರ ಇರಲಿ. ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ, ಕಮಿಷನರೇಟ್ ಇರುವ ನಗರದಲ್ಲಿ ಪೊಲೀಸ್ ಆಯುಕ್ತರು ಪರವಾನಗಿ ಪ್ರಾಧಿಕಾರ. ‘ಬೇರೆ ರಾಜ್ಯದಲ್ಲಿ ಮಾಡಿಸಿಕೊಡ್ತೀನಿ, ವಿಳಾಸ ನಾನು ನೋಡ್ಕೋತೀನಿ’ ಎನ್ನುವವನನ್ನು ಬಾಗಿಲಲ್ಲೇ ಕಳಿಸಿ.

2. ಹಳೆಯ ಕೇಸು ಮುಚ್ಚಿಡಬೇಡಿ. ಜಮೀನಿನ ಜಗಳದ ಎಫ್‌ಐಆರ್ ಕೂಡ ಬರೆಯಿರಿ. ಕೇಸು ಇದ್ದರೂ ವಾದಿಸಲು ದಾರಿಯಿದೆ. ಮುಚ್ಚಿಟ್ಟಿದ್ದು ಗೊತ್ತಾದರೆ 17ನೇ ಕಲಮಿನಡಿ ಕೊಟ್ಟ ಪರವಾನಗಿಯೂ ರದ್ದಾಗಬಹುದು.

3. ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಬರಬೇಡಿ. ‘ಪೊಲೀಸ್ ರಿಪೋರ್ಟ್ ಬಂದಿಲ್ಲ’ ಎಂದು ತಿಂಗಳುಗಟ್ಟಲೆ ಅಲೆಸುವುದು ನಮ್ಮ ಕಚೇರಿಗಳ ಕೆಟ್ಟ ಚಾಳಿ. ನಿಗದಿತ ಗಡುವಿನೊಳಗೆ ವರದಿ ಬಾರದಿದ್ದರೆ ಅದಕ್ಕೆ ಕಾಯದೆ ಆದೇಶ ಮಾಡುವ ಅಧಿಕಾರ ಪ್ರಾಧಿಕಾರಕ್ಕಿದೆ. ಅದನ್ನು ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ.

4. ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ. ಸಾರ್ವಜನಿಕ ಹಿತಕ್ಕೆ ಧಕ್ಕೆ ಎನ್ನುವ ಸಂದರ್ಭ ಬಿಟ್ಟರೆ ಅವರು ಕೊಡಲೇಬೇಕು. ‘ಆಸ್ತಿ ಸಾಲದು’ ಎಂಬುದೊಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ. 14ನೇ ಕಲಮು ಹಾಗೆಂದು ಸ್ಪಷ್ಟವಾಗಿ ಹೇಳುತ್ತದೆ. ಮೇಲ್ಮನವಿಗೆ 30 ದಿನ. ‘ಸಾಹೇಬರನ್ನು ಇನ್ನೊಮ್ಮೆ ನೋಡೋಣ’ ಎನ್ನುವಷ್ಟರಲ್ಲಿ ಆ ದಿನಗಳು ಕಳೆದಿರುತ್ತವೆ.

ಪರವಾನಗಿ ಕೈಗೆ ಬಂದ ಮೇಲೆ ಪರವಾನಗಿ ಇರುವ ಅಂಗಡಿಯಲ್ಲೇ, ಅದರಲ್ಲಿ ಬರೆದಿರುವ ಬೋರ್‌ನ ಆಯುಧವನ್ನೇ ಕೊಳ್ಳಿ. 9 ಎಂ.ಎಂ. ಪಿಸ್ತೂಲು ನಿಷೇಧಿತ ಬೋರ್. ಅಗ್ಗಕ್ಕೆ ಸಿಕ್ಕಿತೆಂದು ಇಟ್ಟುಕೊಂಡರೆ ಕನಿಷ್ಠ ಏಳು ವರ್ಷ ಜೈಲು. ಪರವಾನಗಿ ಪುಸ್ತಕದಲ್ಲಿ ಯುಐಎನ್ (ವಿಶಿಷ್ಟ ಗುರುತಿನ ಸಂಖ್ಯೆ) ಇದೆಯೇ ನೋಡಿಕೊಳ್ಳಿ. ಕ್ಲಬ್ಬಿನ ಗೆಳೆಯನಿಗೆ ‘ಎರಡು ದಿನ ಇಟ್ಕೋ’ ಎಂದು ಕೊಡಬೇಡಿ. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಹಾರಿಸುವುದು ಈಗ ಪ್ರತ್ಯೇಕ ಅಪರಾಧ. ಊರಿಗೆ ಹೊರಡುವ ಮೊದಲು ಬ್ಯಾಗಿನ ಮೂಲೆಮೂಲೆ ತಡಕಿ; ಮರೆತ ಒಂದು ಗುಂಡು ವಿಮಾನ ನಿಲ್ದಾಣದಲ್ಲಿ ಎಫ್‌ಐಆರ್ ಆಗುತ್ತದೆ. ಚುನಾವಣೆಗೆಂದು ಠಾಣೆಯಲ್ಲಿ ಇರಿಸಿದರೆ ರಸೀದಿ ಕೇಳಿ ಪಡೆಯಿರಿ.

ಪರವಾನಗಿಯ ಅವಧಿ ಐದು ವರ್ಷ. ಮುಗಿಯಲು 60 ದಿನ ಇರುವಾಗಲೇ ನವೀಕರಣಕ್ಕೆ ಅರ್ಜಿ ಹಾಕಿ. ಅವಧಿ ಮೀರಿತೇ? ಆಯುಧವನ್ನು ಬೀರುವಿನಲ್ಲಿ ಇಟ್ಟುಕೊಳ್ಳದೆ ತಡಮಾಡದೆ ಠಾಣೆಯಲ್ಲೋ ಪರವಾನಗಿ ಇರುವ ಅಂಗಡಿಯಲ್ಲೋ ಠೇವಣಿ ಇಡಿ. ತಂದೆ ತೀರಿಕೊಂಡ ಮನೆಯಲ್ಲಿ ಉಳಿದ ಪಿಸ್ತೂಲಿಗೂ ಇದೇ ನಿಯಮ. ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಂಡರೆ ಎರಡರಿಂದ ಐದು ವರ್ಷ ಶಿಕ್ಷೆ.

ಅರ್ಜಿಯನ್ನು ನೀವೇ ತುಂಬಿ. ಕ್ರೀಡೆಗೆ ಬೇಕಿದ್ದರೆ ಕ್ರೀಡೆಗೆ ಎಂದೇ ಬರೆಯಿರಿ. ಕಾನೂನು ನಿಮ್ಮ ಪರವಾಗಿ ಇಟ್ಟಿರುವ ಮಾತನ್ನು ದಲ್ಲಾಳಿಯ ಸುಳ್ಳಿಗೆ ಬಿಟ್ಟುಕೊಡಬೇಡಿ.