ಸೇನೆಯಿಂದ ಬಿ-ಸ್ಕೂಲಿಗೆ: ಕೆಲಸ ಹುಡುಕುವ ಮುನ್ನ ಜನರನ್ನು ಹುಡುಕಿ

ಶಾರ್ಟ್ ಸರ್ವಿಸ್ ಕಮಿಷನ್‌ನಲ್ಲಿ ಸೇನೆ ಸೇರಿದ ಅಧಿಕಾರಿಗೆ ಸಿಗುವುದು 10 ವರ್ಷ, ವಿಸ್ತರಣೆ ಸಿಕ್ಕರೆ 14. ಮೂವತ್ತೈದರ ಆಸುಪಾಸಿನಲ್ಲಿ ಸಮವಸ್ತ್ರ ಕಳಚಬೇಕು. ತಿಂಗಳ ಪಿಂಚಣಿ ಇರುವುದಿಲ್ಲ, ಮಕ್ಕಳು ಇನ್ನೂ ಪ್ರೈಮರಿ ಶಾಲೆಯಲ್ಲಿರುತ್ತಾರೆ. ಹೀಗೆ ಹೊರಬರುವವರಿಗಾಗಿ ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯ, ಅಂದರೆ ಫೌಜಿಗಳೆಲ್ಲ ಬಲ್ಲ ಡಿಜಿಆರ್, ಐಐಎಂಗಳಲ್ಲಿ 24 ವಾರಗಳ ಮ್ಯಾನೇಜ್‌ಮೆಂಟ್ ಕೋರ್ಸ್ ನಡೆಸುತ್ತದೆ. ಅಧಿಕಾರಿಗಳ ಶುಲ್ಕದಲ್ಲಿ ಶೇ. 60ರಷ್ಟನ್ನು ಅದೇ ಭರಿಸುತ್ತದೆ. ಇನ್ನು ಕೆಲವರು ಐಎಸ್‌ಬಿಯ ಅಥವಾ ಬೆಂಗಳೂರು ಐಐಎಂನ ಒಂದು ವರ್ಷದ ಕೋರ್ಸ್ ಸೇರುತ್ತಾರೆ. ಫೈನಾನ್ಸ್, ಮಾರ್ಕೆಟಿಂಗ್ ಪಾಠಗಳನ್ನು ಆಮೇಲೂ ಓದಿಕೊಳ್ಳಬಹುದು. ಆದರೆ ಕರೆದರೆ ಮಾತಾಡಲು ಸಿದ್ಧರಿರುವ ಇಷ್ಟೊಂದು ಜನ ಒಂದೇ ಕಡೆ ಮತ್ತೆ ಸಿಗುವುದಿಲ್ಲ.

1. 'ಅಡ್ಮಿನ್, ಸೆಕ್ಯುರಿಟಿ' ಎಂದು ಮೊದಲ ದಿನವೇ ಒಪ್ಪಿಕೊಳ್ಳಬೇಡಿ

ಅದು ಗೌರವದ ಕೆಲಸವೇ, ಬೇಕೆಂದು ಆರಿಸಿಕೊಂಡರೆ ಸಂತೋಷ. ಬೇರೆ ಏನಿದೆ ಎಂದು ನೋಡದೆ ಅದಕ್ಕೆ ಸೇರುವುದು ಮಾತ್ರ ಬೇಡ. ಆರ್ಮಿ ಸರ್ವಿಸ್ ಕೋರ್‌ನವರು ಸಪ್ಲೈ ಚೈನ್ ನಡೆಸಿದವರು. ಸಿಗ್ನಲ್ಸ್‌ನವರಿಗೆ ಟೆಲಿಕಾಂ ಮತ್ತು ಸೈಬರ್ ಭದ್ರತೆ ಹತ್ತಿರ. ಇಎಂಇಯವರು ಯಂತ್ರಗಳ ನಿರ್ವಹಣೆಯಲ್ಲಿ ಪಳಗಿದ್ದಾರೆ, ಸ್ಯಾಪರ್‌ಗಳು ಸೇತುವೆ, ರಸ್ತೆಯ ಪ್ರಾಜೆಕ್ಟ್‌ಗಳನ್ನು ಗಡುವಿನೊಳಗೆ ಮುಗಿಸಿದ್ದಾರೆ. ಪದಾತಿದಳದವರು 'ನಮಗೇನು ಬರುತ್ತದೆ' ಎಂದು ಕೇಳುವುದುಂಟು. ನೂರಕ್ಕೂ ಹೆಚ್ಚು ಜನರ ಊಟ, ರಜೆ, ತರಬೇತಿ, ಜಗಳ, ಮನೆಯ ಕಷ್ಟ ಎಲ್ಲವನ್ನೂ ಇಪ್ಪತ್ತೇಳನೆಯ ವಯಸ್ಸಿಗೆ ನಿಭಾಯಿಸಿದವರು ಕೇಳಬಾರದ ಪ್ರಶ್ನೆ ಅದು.

2. ಮೂರು ಕ್ಷೇತ್ರ ಬರೆದುಕೊಳ್ಳಿ, ಎರಡನ್ನು ಹೊಡೆದುಹಾಕಿ

ಸಂಬಳದ ಅಂಕಿ ನೋಡಿ ಆರಿಸಬೇಡಿ. ಆ ಕೆಲಸ ಮಾಡುವವರನ್ನು ಹುಡುಕಿ, ಅವರ ಸಾಮಾನ್ಯ ದಿನವೊಂದು ಹೇಗಿರುತ್ತದೆ ಎಂದು ಕೇಳಿ. ಕನ್ಸಲ್ಟಿಂಗ್ ಎಂದರೆ ವಾರಕ್ಕೆ ನಾಲ್ಕು ದಿನ ಹೋಟೆಲ್ ವಾಸ ಎಂದು ಗೊತ್ತಾದಾಗ, ವರ್ಷಗಟ್ಟಲೆ ಫೀಲ್ಡ್ ಪೋಸ್ಟಿಂಗ್‌ನಲ್ಲಿ ಮನೆಯಿಂದ ದೂರ ಇದ್ದವರು ಎರಡು ಸಲ ಯೋಚಿಸುತ್ತಾರೆ. ಬೇಡ ಎಂದು ಗೊತ್ತಾಗುವುದೂ ಲಾಭವೇ.

ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಸೇನೆ ಬಿಟ್ಟವರೇ ವಿಮಾನ ಹಾರಿಸಲಿಲ್ಲ. ಹಾಸನ ಜಿಲ್ಲೆಯಲ್ಲಿ ಬೇಸಾಯ ಮಾಡಿದರು, ಬೈಕ್ ಡೀಲರ್‌ಶಿಪ್, ಹೋಟೆಲ್ ನಡೆಸಿದರು. ಸೇನೆಯ ದಿನಗಳ ಗೆಳೆಯ ಕ್ಯಾಪ್ಟನ್ ಕೆ.ಜೆ. ಸ್ಯಾಮ್ಯುಯೆಲ್ ಜೊತೆ ಡೆಕ್ಕನ್ ಏವಿಯೇಷನ್ನಿನ ಹೆಲಿಕಾಪ್ಟರ್ ಸೇವೆ ಶುರುವಾದದ್ದು 1997ರಲ್ಲಿ, ಏರ್ ಡೆಕ್ಕನ್ 2003ರಲ್ಲಿ. ಎಲ್ಲರಿಗೂ ಅಷ್ಟು ವರ್ಷಗಳ ಪುರುಸೊತ್ತು ಇರುವುದಿಲ್ಲ. ಅದಕ್ಕೇ ಆ ಹುಡುಕಾಟವನ್ನು ಕ್ಯಾಂಪಸ್ಸಿನಲ್ಲಿ, ಮಾತುಕತೆಯ ಮೂಲಕ, ಕೈ ಸುಟ್ಟುಕೊಳ್ಳದೆ ಮಾಡಿ ಮುಗಿಸಬೇಕು.

3. ಕೆಲಸ ಕೇಳಬೇಡಿ, ಅನುಭವ ಕೇಳಿ

ಫೌಜಿಗೆ ಅತ್ಯಂತ ಕಷ್ಟವಾಗುವುದು ಇದೇ. ಸಹಾಯ ಮಾಡಿ ಅಭ್ಯಾಸ, ಕೇಳಿ ಅಭ್ಯಾಸವಿಲ್ಲ. ಸಂಕೋಚ ತಡೆಯಲಾರದೆ ಕೊನೆಗೆ 'ಸರ್, ನಿಮ್ಮ ಕಂಪನಿಯಲ್ಲಿ ಏನಾದರೂ ಇದ್ದರೆ ನೋಡಿ' ಎಂದು ಬರೆದು ರೆಸ್ಯೂಮೆ ಕಳಿಸಿಬಿಡುತ್ತಾರೆ. ಅತ್ತ ಕಡೆಯವರಿಗೂ ಮುಜುಗರ, ಉತ್ತರವೇ ಬರುವುದಿಲ್ಲ. ಅದರ ಬದಲು ಹೀಗೆ ಬರೆದು ನೋಡಿ:

'ನಮಸ್ಕಾರ. ನಾನು ಸೇನೆಯಲ್ಲಿ ಸಾಗಣೆ ವಿಭಾಗ ನೋಡಿಕೊಂಡಿದ್ದೆ, ಈಗ ಐಐಎಂನಲ್ಲಿ ಓದುತ್ತಿದ್ದೇನೆ. ನೀವು ಆಟೊಮೊಬೈಲ್‌ನಿಂದ ಇ-ಕಾಮರ್ಸ್ ಗೋದಾಮುಗಳ ಕೆಲಸಕ್ಕೆ ಬಂದದ್ದನ್ನು ಗಮನಿಸಿದೆ. ಹೊರಗಿನಿಂದ ಬಂದವರು ಮೊದಲ ಆರು ತಿಂಗಳಲ್ಲಿ ಏನು ಕಲಿಯಬೇಕಾಗುತ್ತದೆ ಎಂದು ತಿಳಿಯುವ ಆಸೆ. ಈ ವಾರ 20 ನಿಮಿಷ ಫೋನಿನಲ್ಲಿ ಮಾತಾಡಬಹುದೇ?'

ಈ ಸಂದೇಶದಲ್ಲಿ ರ‍್ಯಾಂಕ್ ಇಲ್ಲ, ಪದಕ ಇಲ್ಲ, ಬೇಡಿಕೆಯೂ ಇಲ್ಲ. ಅವರ ಬಗ್ಗೆ ಓದಿ ಬರೆದದ್ದು ಎಂದು ತಿಳಿಯುತ್ತದೆ. ಹೇಳಿದ ಹೊತ್ತಿಗೆ ಫೋನ್ ಮಾಡಿ, 20 ನಿಮಿಷಕ್ಕೆ ನಿಲ್ಲಿಸಿ. ಕೊನೆಗೆ 'ಇನ್ನು ಯಾರ ಜೊತೆ ಮಾತಾಡಿದರೆ ಒಳ್ಳೆಯದು?' ಎಂದು ಕೇಳಲು ಮರೆಯಬೇಡಿ. ಅವರು ಕೊಟ್ಟ ಸಲಹೆಯಿಂದ ಏನಾಯಿತು ಎಂದು ತಿಂಗಳ ನಂತರ ಎರಡು ಸಾಲು ತಿಳಿಸಿ. ಬಹುಪಾಲು ಜನ ಇದನ್ನು ಮಾಡುವುದಿಲ್ಲ, ಆದ್ದರಿಂದ ಮಾಡಿದವರು ನೆನಪಿನಲ್ಲಿ ಉಳಿಯುತ್ತಾರೆ.

4. ಕೋರ್ಸ್‌ಮೇಟ್ ಬಳಗದಿಂದ ಆಚೆಗೂ ಹೋಗಿ

ಅಕಾಡೆಮಿಯ ಕೋರ್ಸ್‌ಮೇಟ್ ನಡುರಾತ್ರಿ ಕರೆದರೂ ಬರುತ್ತಾನೆ. ಆದರೆ ಅವನಿಗೆ ಗೊತ್ತಿರುವ ಖಾಲಿ ಹುದ್ದೆ ಬಹುತೇಕ ನಿಮಗೂ ಗೊತ್ತಿರುತ್ತದೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದನ್ನು ವಿವರಿಸಿದ್ದರು: ಹೊಸ ಸುದ್ದಿ ಬರುವುದು ಆಪ್ತರಿಂದಲ್ಲ, ಅಷ್ಟಾಗಿ ಒಡನಾಟವಿಲ್ಲದ ಪರಿಚಿತರಿಂದ. ಡಿಜಿಆರ್ ಬ್ಯಾಚಿನಲ್ಲಿ ಸುತ್ತಮುತ್ತ ಇರುವವರೆಲ್ಲ ಫೌಜಿಗಳೇ ಆದ್ದರಿಂದ ಈ ಮಾತು ಇನ್ನೂ ಮುಖ್ಯ. ಊಟಕ್ಕೆ ಬೇರೆ ಕೋರ್ಸಿನವರ ಮೇಜಿಗೆ ಹೋಗಿ ಕುಳಿತುಕೊಳ್ಳಿ.

5. ರೆಸ್ಯೂಮೆ ಸಿವಿಲಿಯನ್‌ಗೆ ಅರ್ಥವಾಗಲಿ, ಗುಟ್ಟು ಹೊರಬೀಳದಿರಲಿ

'ಎಡಬ್ಲ್ಯುಎಸ್ ಯಶಸ್ವಿಯಾಗಿ ಪೂರೈಸಿದೆ' ಎಂದರೆ ಎಚ್‌ಆರ್‌ನವರಿಗೆ ಏನೂ ತಿಳಿಯದು. ಲಡಾಖ್‌ಗೆ ಚಳಿಗಾಲದ ದಾಸ್ತಾನು ಸೇರಿಸುವ ಕೆಲಸ ಅದು. ಜೋಜಿಲಾದಲ್ಲಿ ಹಿಮ ಬಿದ್ದು ದಾರಿ ಮುಚ್ಚುವುದರೊಳಗೆ ಪಡಿತರ, ಸೀಮೆಎಣ್ಣೆ, ಬಟ್ಟೆ, ಔಷಧಿ ಎಲ್ಲ ಮೇಲೆ ತಲುಪಿರಬೇಕು. ತಡವಾದರೆ ಮರುದಿನ ಕಳಿಸುತ್ತೇನೆ ಎನ್ನುವ ಹಾಗಿಲ್ಲ. ಇದನ್ನೇ ಬಿಡಿಸಿ ಬರೆಯಿರಿ: ಎಂಥ ರಸ್ತೆ, ಗಡುವು ಯಾಕೆ, ನಿಮ್ಮ ಕೈಕೆಳಗೆ ಯಾವ ಯಾವ ಕೆಲಸದವರಿದ್ದರು, ಹಾಳಾಗುವ ಸರಕು ಎಷ್ಟು ಕಡಿಮೆಯಾಯಿತು. ಯಾವ ಯೂನಿಟ್ ಎಲ್ಲಿತ್ತು, ಎಷ್ಟು ಸೈನಿಕರಿದ್ದರು ಎಂಬುದನ್ನು ಮಾತ್ರ ಮುಟ್ಟಬೇಡಿ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಸಮವಸ್ತ್ರ ಕಳಚಿದ ಮೇಲೂ ಅನ್ವಯಿಸುತ್ತದೆ. ಅನುಮಾನ ಬಂದ ಸಾಲನ್ನು ಬಿಟ್ಟುಬಿಡಿ.

6. ಸಂದರ್ಶನದಲ್ಲಿ 'ನಾನು' ಎನ್ನಿ

ಪಲ್ಟಣದಲ್ಲಿ ಎಲ್ಲವೂ 'ನಾವು ಮಾಡಿದೆವು'. ಅದು ಒಳ್ಳೆಯ ಸಂಸ್ಕಾರ. ಆದರೆ ನಿರ್ಧಾರ ನಿಮ್ಮದಾಗಿದ್ದರೆ ನಿಮ್ಮದೆಂದು ಹೇಳಿ. ಅದನ್ನು ತಿಳಿಯಲೆಂದೇ ಎದುರಿನವರು ಕೂತಿದ್ದಾರೆ.

7. ಕಿರಿಯ ಸಹಪಾಠಿಯಿಂದ ಕಲಿಯಿರಿ

ಎಕ್ಸೆಲ್ ಶೀಟನ್ನು ಕ್ಷಣದಲ್ಲಿ ಬಿಡಿಸುವ ಇಪ್ಪತ್ತಾರರ ಹುಡುಗಿಯ ಪಕ್ಕ ಕೂತು ಕೇಳಿ. ಕಷ್ಟದ ಹೊತ್ತಿನಲ್ಲಿ ತಂಡವನ್ನು ಹಿಡಿದಿಡುವುದು ಹೇಗೆಂದು ಅವಳಿಗೆ ನೀವು ಹೇಳಿಕೊಡಿ. ನಾಳೆ ತನ್ನ ಕಂಪನಿಯಲ್ಲಿ ನಿಮ್ಮ ಹೆಸರು ಹೇಳುವವಳು ಅವಳೇ ಆಗಿರಬಹುದು.

8. ಬೆಂಗಳೂರಿನಲ್ಲಿದ್ದರೆ ಕ್ಯಾಂಪಸ್ ಗೇಟು ದಾಟಿ

ಎಚ್‌ಎಎಲ್, ಬಿಇಎಲ್ ಇರುವ ಊರು ಇದು. 2018ರಲ್ಲಿ ಕೇಂದ್ರ ಸರ್ಕಾರ ಐಡೆಕ್ಸ್ ಯೋಜನೆ ತಂದ ಮೇಲೆ ರಕ್ಷಣಾ ಸ್ಟಾರ್ಟ್‌ಅಪ್‌ಗಳಿಗೂ ದಾರಿ ತೆರೆಯಿತು. ಡ್ರೋನ್ ಮಾಡುವ ಎಂಜಿನಿಯರ್‌ಗೆ ಅದನ್ನು ಕೊರೆಯುವ ಚಳಿಯಲ್ಲಿ ಕೈಗವಸು ಹಾಕಿಕೊಂಡು ಬಳಸುವ ಕಷ್ಟ ಗೊತ್ತಿರುವುದಿಲ್ಲ. ಅದನ್ನು ಬಲ್ಲವರು ಅವರಿಗೆ ಬೇಕೇಬೇಕು.

9. ಊರನ್ನು ಮನೆಯವರ ಜೊತೆ ಕೂತು ಆರಿಸಿ

ನಿಮ್ಮ ಪೋಸ್ಟಿಂಗ್‌ಗಳ ಹಿಂದೆ ಅಲೆದು ಸಂಗಾತಿ ಎಷ್ಟು ಸಲ ಕೆಲಸ ಬಿಟ್ಟಿರಬಹುದು, ನೆನಪಿಸಿಕೊಳ್ಳಿ. ಈ ಸಲ ಅವರ ಕೆಲಸಕ್ಕೆ ಹೊಂದುವ ಊರು ಮೊದಲು ಬರಲಿ. ಸರ್ಕಾರಿ ಕ್ವಾರ್ಟರ್ಸ್ ಇಲ್ಲದ ಮೇಲೆ ಬಾಡಿಗೆ, ಶಾಲೆ, ಆಸ್ಪತ್ರೆ ಎಲ್ಲ ಕಳೆದು ಕೈಗೆ ಎಷ್ಟು ಬರುತ್ತದೆ ಎಂದೂ ಲೆಕ್ಕ ಹಾಕಿ. ಆಫರ್ ಪತ್ರದ ಸಿಟಿಸಿ ಕೈಗೆ ಬರುವ ಸಂಬಳವಲ್ಲ.

10. ನಿಮ್ಮ ಹವಾಲ್ದಾರರನ್ನು ಮರೆಯಬೇಡಿ

ಜೆಸಿಒ ಮತ್ತು ಜವಾನರಿಗೆ ಡಿಜಿಆರ್ ತರಬೇತಿ ಉಚಿತ. ಆದರೆ ಯಾವ ಕೋರ್ಸಿಗೆ ಹೊರಗೆ ಬೆಲೆಯಿದೆ ಎಂದು ಹೇಳುವವರು ಅವರಿಗೆ ಸಿಗುವುದು ಕಡಿಮೆ. ಬಿ-ಸ್ಕೂಲಿನಲ್ಲಿ ನಿಮಗೆ ಸಿಕ್ಕ ಪರಿಚಯಗಳಲ್ಲಿ ಒಂದೆರಡನ್ನಾದರೂ ಅವರಿಗಾಗಿ ಬಳಸಿ. ನಿವೃತ್ತಿ ಹತ್ತಿರವಿರುವವರು ಯಾರೆಂದು ಸುಬೇದಾರ್ ಸಾಹೇಬರಿಗೆ ಫೋನ್ ಮಾಡಿ ತಿಳಿದುಕೊಂಡು, ಅವರ ಬಯೋಡೇಟಾ ನೀವೇ ತಿದ್ದಿಕೊಡಿ.