ಸೆರೆಯಲ್ಲಿರುವವರ ಹಕ್ಕು, ಹೊರಗಿರುವವರ ಹೊಣೆ



ಪವಿತ್ರ ಕುರ್‌ಆನಿನ 76ನೆಯ ಅಧ್ಯಾಯದಲ್ಲಿ ಸಜ್ಜನರ ಗುಣಗಳನ್ನು ವಿವರಿಸುವಾಗ, ಅವರು ಅಲ್ಲಾಹನ ಪ್ರೀತಿಗಾಗಿ ಯಾರಿಗೆ ಉಣಿಸುತ್ತಾರೆಂದು ತಿಳಿಸಲಾಗಿದೆ. ಬಡವ ಮತ್ತು ಅನಾಥನ ಜೊತೆಗೆ ಅಲ್ಲಿ ಬರುವ ಮೂರನೆಯವನು ಸೆರೆಯಾಳು. ಬಡವನಿಗೆ ನಾವು ಝಕಾತ್ ಕೊಡುತ್ತೇವೆ. ಅನಾಥನಿಗಾಗಿ ಚಂದಾ ಎತ್ತುತ್ತೇವೆ. ಮೂರನೆಯವನ ಮಾತು ಬಂದಾಗ ಮಾತ್ರ ತಲೆ ತಗ್ಗಿಸಿ ಸುಮ್ಮನಾಗುತ್ತೇವೆ. ಇದು ಸರಿಯೇ?

ಹಿಜರಿ 2ನೆಯ ವರ್ಷದ (ಕ್ರಿ.ಶ. 624) ಬದ್ರ್ ಯುದ್ಧದಲ್ಲಿ ಸುಮಾರು 70 ಮಂದಿ ಸೆರೆ ಸಿಕ್ಕರು. ಅವರು ಮುಸ್ಲಿಮರನ್ನು ಕೊಲ್ಲಲು ಬಂದವರು. ಆದರೂ ಅವರೊಡನೆ ಒಳ್ಳೆಯ ರೀತಿಯಲ್ಲಿ ವರ್ತಿಸಬೇಕೆಂದು ಪ್ರವಾದಿವರ್ಯರು(ಸ) ಆದೇಶಿಸಿದರು. ಸಹಾಬಿಗಳು ತಾವು ಖರ್ಜೂರ ತಿಂದು ರೊಟ್ಟಿಯನ್ನು ಸೆರೆಯಾಳುಗಳಿಗೆ ಕೊಟ್ಟರು. ಮುಂದೆ ಇಮಾಮ್ ಅಬೂ ಯೂಸುಫ್(ರ) ಖಲೀಫಾ ಹಾರೂನ್ ರಶೀದರಿಗಾಗಿ ಬರೆದ ಗ್ರಂಥದಲ್ಲಿ, ಕೈದಿಗಳನ್ನು ಸರಪಳಿ ಹಾಕಿ ಭಿಕ್ಷೆಗೆ ಕಳಿಸುವುದನ್ನು ಖಂಡಿಸಿದರು. ಅವರ ಅನ್ನ, ಬಟ್ಟೆಯ ವೆಚ್ಚವನ್ನು ಬೊಕ್ಕಸವೇ ಹೊರಬೇಕೆಂದರು.

ನಮ್ಮ ದೇಶದ ಕಾನೂನೂ ಕೈದಿಯನ್ನು ಮನುಷ್ಯನೆಂದೇ ಕಾಣುತ್ತದೆ. ಸೆರೆಮನೆಯ ಬಾಗಿಲು ದಾಟಿದ ಮಾತ್ರಕ್ಕೆ ಮೂಲಭೂತ ಹಕ್ಕುಗಳು ಅಳಿದುಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟು ಸುನಿಲ್ ಬಾತ್ರಾ ಪ್ರಕರಣದಲ್ಲಿ (1978) ಸಾರಿತು. ಜೈಲಿನಲ್ಲಿ ಜಾತಿ ನೋಡಿ ಕೆಲಸ ಹಂಚುವುದು ಸಂವಿಧಾನಬಾಹಿರವೆಂದು 2024ರ ಅಕ್ಟೋಬರಿನಲ್ಲಿ ಅದೇ ನ್ಯಾಯಾಲಯ ತೀರ್ಪಿತ್ತಿತು.

ಒಳಗಿರುವವರೆಲ್ಲರೂ ಒಂದೇ ಬಗೆಯವರಲ್ಲ ಎಂಬುದನ್ನು ಮೊದಲು ತಿಳಿಯಬೇಕು. ತೀರ್ಪು ಇನ್ನೂ ಬಾರದವನು ವಿಚಾರಣಾಧೀನ ಕೈದಿ. ತೀರ್ಪಾಗಿ ಶಿಕ್ಷೆ ಅನುಭವಿಸುತ್ತಿರುವವನು ಸಜಾ ಕೈದಿ. 2016ರ ಜುಲೈ ಕೊನೆಯಲ್ಲಿ ಮಹದಾಯಿ ನೀರಿನ ಹೋರಾಟದ ವೇಳೆ ಯಮನೂರು ಮತ್ತು ಸುತ್ತಲಿನ ರೈತರನ್ನು ಬಂಧಿಸಿ ಬಳ್ಳಾರಿ, ಚಿತ್ರದುರ್ಗದ ಜೈಲುಗಳಿಗೆ ಕಳಿಸಿದ್ದು ನರಗುಂದದ ಕಡೆಯವರಿಗೆ ನೆನಪಿರಬಹುದು. ಅವರು ವಿಚಾರಣಾಧೀನರು. ಅಂಥವರಿಗೆ ಬೇಕಾದದ್ದು ಜಾಮೀನು, ಪೆರೋಲ್ ಅಲ್ಲ. ಪ್ರವಾದಿ ಯೂಸುಫ್(ಅ) ತಪ್ಪಿಲ್ಲದೆ ಸೆರೆಯಲ್ಲಿದ್ದವರು. ಬಿಡುಗಡೆಯಾದ ಜೊತೆಗಾರ ಅವರ ವಿಷಯವನ್ನು ಅರಸನಿಗೆ ತಿಳಿಸಲು ಮರೆತ. ಅವರು ಇನ್ನೂ ಕೆಲವು ವರ್ಷ ಒಳಗೇ ಉಳಿದರು. ಹೊರಗಿನವರ ಮರೆವು ಒಳಗಿನವರ ಆಯುಷ್ಯವನ್ನು ಹೇಗೆ ತಿನ್ನುತ್ತದೆ ನೋಡಿ!

ಆದುದರಿಂದ ಈ ಕೆಳಗಿನ ವಿಷಯಗಳನ್ನು ಪ್ರತಿಯೊಂದು ಕುಟುಂಬವೂ ಅರಿತಿರಬೇಕು.

ಒಂದು: ಬಂಧಿಸಿದ 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಬಂಧನದ ಕಾರಣ ತಿಳಿಸಬೇಕು.

ಎರಡು: ಬಂಧನದಲ್ಲಿರುವವನಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. ರೋಣ, ನರಗುಂದದ ನ್ಯಾಯಾಲಯಗಳಲ್ಲಿ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿರಿ. ಗಜೇಂದ್ರಗಡದವರು ಗದಗಿನ ಜಿಲ್ಲಾ ಪ್ರಾಧಿಕಾರಕ್ಕೂ ಹೋಗಬಹುದು. ದೂರವಾಣಿ ಸಂಖ್ಯೆ 15100. ಹೊಲ ಅಡವಿಟ್ಟು ದಲ್ಲಾಳಿಯ ಕೈಗೆ ಹಣ ಸುರಿಯುವ ಮೊದಲು ಇಲ್ಲಿಗೆ ಹೋಗಿರಿ.

ಮೂರು: 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನಂತೆ, ಆ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗೆ ಕಳೆದ ವಿಚಾರಣಾಧೀನನು ಜಾಮೀನಿಗೆ ಅರ್ಹ. ಮೊದಲ ಸಲದ ಆರೋಪಿಯಾದರೆ ಮೂರನೆಯ ಒಂದು ಭಾಗ ಸಾಕು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪವಿದ್ದರೆ, ಒಂದಕ್ಕಿಂತ ಹೆಚ್ಚು ಪ್ರಕರಣಗಳಿದ್ದರೆ ಇದು ಅನ್ವಯಿಸದು. ಜಾಮೀನು ಸಿಕ್ಕಿಯೂ ಹಣವಿಲ್ಲದೆ ಉಳಿದವರಿಗಾಗಿ ಕೇಂದ್ರ ಸರಕಾರವು 2023ರಲ್ಲಿ ನೆರವಿನ ಯೋಜನೆಯೊಂದನ್ನು ಆರಂಭಿಸಿದೆ.

ನಾಲ್ಕು: ಪೆರೋಲ್. ಇದು ಸಜಾ ಕೈದಿಗೆ ನಿರ್ದಿಷ್ಟ ದಿನಗಳ ಮಟ್ಟಿಗೆ ಸಿಗುವ ಬಿಡುವು. ಸಾಮಾನ್ಯ ಪೆರೋಲ್, ತುರ್ತು ಪೆರೋಲ್ ಎಂದು ನಮ್ಮ ರಾಜ್ಯದಲ್ಲಿ ಎರಡು ಬಗೆ. ಹತ್ತಿರದ ಬಂಧುವಿನ ಮರಣ, ಕಠಿಣ ಕಾಯಿಲೆಯಂತಹ ಸಂದರ್ಭಗಳಿಗೆ ತುರ್ತು ಪೆರೋಲ್ ಇದೆ. ಅರ್ಜಿ ಜೈಲು ಅಧೀಕ್ಷಕರಿಗೆ ಹೋಗುತ್ತದೆ. ಊರಿನ ಪೊಲೀಸ್ ಠಾಣೆಯಿಂದ ವರದಿ ತರಿಸುತ್ತಾರೆ. ತಿರಸ್ಕರಿಸಿದರೆ ಹೈಕೋರ್ಟಿಗೆ ಹೋಗಬಹುದು. ಕೊಲೆ ಪ್ರಕರಣದ ಕೈದಿಯೊಬ್ಬನಿಗೆ ಮದುವೆಯಾಗಲು 2023ರ ಏಪ್ರಿಲಿನಲ್ಲಿ ನಮ್ಮ ಹೈಕೋರ್ಟು 15 ದಿನಗಳ ಪೆರೋಲ್ ನೀಡಿತ್ತು.

ಆದರೆ ಪೆರೋಲ್ ಒಂದು ಅಮಾನತ್. ಕೊಟ್ಟ ಮಾತನ್ನು ಪಾಲಿಸುವುದು ಈಮಾನಿನ ಲಕ್ಷಣ. ಗಡುವಿನ ದಿನ ಮರಳದವನು ಹೊಸ ಅಪರಾಧಕ್ಕೆ ಗುರಿಯಾಗುವುದಲ್ಲದೆ, ಒಳಗಿರುವ ನೂರು ಮಂದಿಯ ಅರ್ಜಿಗಳ ಮೇಲೆ ಸಂಶಯ ಮೂಡಿಸುತ್ತಾನೆ. ಬಂದವನನ್ನು ಬಚ್ಚಿಡುವುದು ಪ್ರೀತಿಯಲ್ಲ. ಸಮಯಕ್ಕೆ ಸರಿಯಾಗಿ ಜೈಲಿನ ಬಾಗಿಲಿಗೆ ತಲುಪಿಸುವುದೇ ಪ್ರೀತಿ. ಅವನಿಂದ ನೊಂದ ಮನೆಯ ಮುಂದೆ ಹಾಯದಂತೆ, ಹಗೆ ಕೆದಕದಂತೆ ನೋಡಿಕೊಳ್ಳುವುದೂ ಮನೆಯವರ ಕರ್ತವ್ಯ. ಕೈದಿಯ ಹಕ್ಕನ್ನು ಕೇಳುವವನು ಮಗನನ್ನು ಕಳೆದುಕೊಂಡ ತಾಯಿಯ ಕಣ್ಣೀರನ್ನು ಮರೆಯಬಾರದು.

ಒಳಗಿನ ದಿನಚರಿ ಎಣಿಕೆಯಿಂದ ಆರಂಭವಾಗಿ ಎಣಿಕೆಯಲ್ಲೇ ಮುಗಿಯುತ್ತದೆ. ಸಂಜೆಯಾದರೆ ಬ್ಯಾರಕ್ಕಿಗೆ ಬೀಗ. ಕಠಿಣ ಸಜೆಯಾದವರು ದುಡಿಯಬೇಕು. ಆ ದುಡಿಮೆಗೆ ನ್ಯಾಯಯುತ ಕೂಲಿ ಸಲ್ಲಬೇಕೆಂದು ಸುಪ್ರೀಂ ಕೋರ್ಟು 1998ರಲ್ಲಿ ಹೇಳಿದೆ. ಈ ಬದುಕಿನಲ್ಲಿ ಕೈದಿ ಕಾಯುವುದು ಮುಲಾಖತ್ತಿನ ದಿನವನ್ನು. ನಮ್ಮ ತಾಲೂಕುಗಳಿಂದ ಧಾರವಾಡಕ್ಕೋ ಬಳ್ಳಾರಿಗೋ ಬೆಳಗಾವಿಯ ಹಿಂಡಲಗಾಕ್ಕೋ ಹೋಗಿಬರಲು ಒಂದು ದಿನದ ಮಗ್ಗದ ಕೂಲಿ ಹೋಗುತ್ತದೆ, ಬಸ್ ಖರ್ಚು ಬೇರೆ. ಎಷ್ಟೋ ತಾಯಂದಿರು ಈ ಕಾರಣಕ್ಕೇ ಮಗನ ಮುಖ ಕಾಣದೆ ಉಳಿಯುತ್ತಾರೆ.

ಜಮಾಅತಿನ ಹಿರಿಯರೇ, ನಿಮ್ಮ ಮೊಹಲ್ಲಾದಲ್ಲಿ ಅಂಥ ಮನೆ ಯಾವುದೆಂದು ನಿಮಗೆ ಗೊತ್ತು. ಆ ತಾಯಿಯ ಬಸ್ ಖರ್ಚನ್ನು ಕೊಡಿರಿ. ಆ ಮಕ್ಕಳ ಶಾಲೆ ನಿಲ್ಲದಂತೆ ನೋಡಿಕೊಳ್ಳಿರಿ. ತಂದೆಯ ಅಪರಾಧಕ್ಕೆ ಮಕ್ಕಳನ್ನು ಆಡಿಕೊಳ್ಳಬೇಡಿರಿ. ಒಬ್ಬರ ಪಾಪದ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲವೆಂಬುದು ಕುರ್‌ಆನಿನ ಬೋಧನೆಯಲ್ಲವೇ? ಅಲ್ಲಾಹನು ಬಡವ ಮತ್ತು ಅನಾಥನ ಸಾಲಿನಲ್ಲೇ ನಿಲ್ಲಿಸಿದವನನ್ನು ನಾವು ಸಾಲಿನಿಂದ ಹೊರಗೆ ತಳ್ಳದಿರೋಣ.